ಕಾಣದ ಯಂತ್ರಗಳ ಲೆಕ್ಕ

ಮದುವೆಯ ಮನೆಯಲ್ಲಿ ಪಂಕ್ತಿಗಳೆಲ್ಲ ಮುಗಿದು, ನೆಂಟರಿಷ್ಟರು ತಮ್ಮ ತಮ್ಮ ಊರುಗಳಿಗೆ ತೆರಳಿದ ಮೇಲೆ, ಹಿತ್ತಲಿನಲ್ಲಿ ಒಂದು ಕೆಲಸವು ಉಳಿದಿರುತ್ತದೆ. ನೆರೆಹೊರೆಯವರಿಂದ ಎರವಲು ತಂದ ಕೊಪ್ಪರಿಗೆ, ಹಂಡೆ, ಕೊಡ, ತಪ್ಪಲೆಗಳನ್ನು ತೊಳೆದು ರಾಶಿ ಹಾಕಿರುತ್ತಾರೆ. ಹತ್ತು ಮನೆಗಳಿಂದ ಬಂದ ಹಿತ್ತಾಳೆಯ ಕೊಡಗಳು ನೋಡುವುದಕ್ಕೆ ಒಂದೇ ಬಗೆ. ಆಗ ಮನೆಯ ಹಿರಿಯಾಕೆಯು ಒಂದೊಂದನ್ನೇ ತಿರುಗಿಸಿ, ಕಂಠದ ಕೆಳಗೆ ಕೆತ್ತಿಸಿದ ಹೆಸರನ್ನು ಓದಿ, ಇದು ಮೇಲಿನ ಮನೆಯದು, ಇದು ಶ್ಯಾನುಭೋಗರ ಮನೆಯದು ಎಂದು ಬೇರೆ ಬೇರೆ ಇರಿಸುತ್ತಾಳೆ. ಹೆಸರು ಸವೆದುಹೋಗಿದ್ದರೆ, ಬುಡದಲ್ಲಿರುವ ತಗ್ಗನ್ನೋ ಬೆಸುಗೆಯನ್ನೋ ನೋಡಿ ಊಹಿಸುತ್ತಾಳೆ. ಈ ಲೆಕ್ಕವು ತಪ್ಪಿದರೆ ಹೋಗುವುದು ಒಂದು ಕೊಡ, ಅದರೊಡನೆ ನೆರೆಯವರ ವಿಶ್ವಾಸ.

ಇಂಥದೇ ಲೆಕ್ಕವೊಂದು ತಪ್ಪಿದುದರಿಂದ 2017ನೆಯ ಇಸವಿಯಲ್ಲಿ ಅಮೆರಿಕದ ಸುಮಾರು 14.7 ಕೋಟಿ ಜನರ ಖಾಸಗಿ ವಿವರಗಳು ಕಳ್ಳರ ಪಾಲಾದುವು. ಅಲ್ಲಿ ತಪ್ಪಿದ್ದು ಪಾತ್ರೆಗಳ ಲೆಕ್ಕವಲ್ಲ, ಗಣಕಯಂತ್ರಗಳದು.

ಅಟ್ಲಾಂಟ ನಗರದಲ್ಲಿ ಇಕ್ವಿಫ್ಯಾಕ್ಸ್ ಎಂಬ ಸಂಸ್ಥೆಯಿದೆ. ಜನರು ಯಾರಿಂದ ಎಷ್ಟು ಸಾಲ ಪಡೆದರು, ಅದನ್ನು ಸಕಾಲದಲ್ಲಿ ತೀರಿಸಿದರೋ ಇಲ್ಲವೋ ಎಂಬ ವಿವರಗಳನ್ನು ಸಂಗ್ರಹಿಸಿ ಬ್ಯಾಂಕುಗಳಿಗೆ ಒದಗಿಸುವುದು ಅದರ ವ್ಯವಹಾರ. ಆದುದರಿಂದ ಕೋಟ್ಯಂತರ ಜನರ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಸರ್ಕಾರವು ಕೊಟ್ಟ ಗುರುತಿನ ಸಂಖ್ಯೆ ಇವೆಲ್ಲವೂ ಅದರ ಯಂತ್ರಗಳಲ್ಲಿದ್ದುವು. 2017ರ ಮಾರ್ಚ್ ತಿಂಗಳ ಮೊದಲ ವಾರದಲ್ಲಿ, ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ಒಂದು ದೋಷವಿದೆಯೆಂದೂ, ಅದರ ಮೂಲಕ ಹೊರಗಿನವರು ಯಂತ್ರದೊಳಕ್ಕೆ ನುಗ್ಗಬಹುದೆಂದೂ ಪ್ರಕಟವಾಯಿತು. ದೋಷವನ್ನು ಮುಚ್ಚುವ ತೇಪೆಯೂ ಜೊತೆಯಲ್ಲಿಯೇ ಸಿದ್ಧವಾಗಿತ್ತು. ಮಾರ್ಚ್ 8ರಂದು ಅಮೆರಿಕದ ಸರ್ಕಾರದ ಎಚ್ಚರಿಕೆಯೂ ಬಂದಿತು. ಮರುದಿನವೇ ಸಂಸ್ಥೆಯೊಳಗೆ ಸೂಚನೆ ಹೋಯಿತು. ಆದರೆ ಸೂಚನೆಯನ್ನು ಕಳುಹಿಸಿದ ಹೆಸರುಗಳ ಪಟ್ಟಿಯು ಹಳೆಯದಾಗಿದ್ದು, ತೇಪೆ ಹಾಕಬೇಕಾಗಿದ್ದವರಿಗೆ ಅದು ತಲುಪಲೇ ಇಲ್ಲ. ಒಂದು ವಾರದ ಬಳಿಕ ದೋಷವಿರುವ ಯಂತ್ರಗಳನ್ನು ಹುಡುಕಲು ನಡೆಸಿದ ಶೋಧನೆಯೂ, ಗ್ರಾಹಕರು ತಕರಾರುಗಳನ್ನು ಸಲ್ಲಿಸುತ್ತಿದ್ದ ಯಂತ್ರದಲ್ಲಿ ಆ ತಂತ್ರಾಂಶವು ಅಡಗಿದ್ದುದನ್ನು ಕಾಣದೆ ಹೋಯಿತು.

ಮೇ ತಿಂಗಳಿನಲ್ಲಿ ಕಳ್ಳರು ಅದೇ ಬಾಗಿಲಿನಿಂದ ಒಳಹೊಕ್ಕರು. ಅಲ್ಲಿಂದ, ಆ ಕೆಲಸಕ್ಕೆ ಸಂಬಂಧವೇ ಇಲ್ಲದ 48 ದತ್ತಸಂಚಯಗಳಿಗೆ ದಾರಿಯನ್ನು ಕಂಡುಕೊಂಡು, ಸುಮಾರು 9,000 ಬಾರಿ ಅವುಗಳನ್ನು ಪ್ರಶ್ನಿಸಿ ಬೇಕಾದುದನ್ನು ಹೊರಸಾಗಿಸಿದರು. ಹೊರಹೋಗುವ ಸಂದೇಶಗಳನ್ನು ಪರೀಕ್ಷಿಸಬೇಕಾಗಿದ್ದ ಉಪಕರಣವೊಂದಿತ್ತು. ಅದರ ಪ್ರಮಾಣಪತ್ರದ ಅವಧಿಯು ತೀರಿಹೋಗಿದ್ದುದರಿಂದ ಅದು ಕುರುಡಾಗಿ ಕುಳಿತಿತ್ತು. ಹೀಗೆ ಅವಧಿ ತೀರಿದ ಪ್ರಮಾಣಪತ್ರಗಳು ಆ ಸಂಸ್ಥೆಯಲ್ಲಿ 300ಕ್ಕೂ ಹೆಚ್ಚಾಗಿದ್ದುವು. ಜುಲೈ 29ರಂದು ಆ ಪ್ರಮಾಣಪತ್ರವನ್ನು ಹೊಸದಾಗಿಸಿದೊಡನೆಯೇ ಕಳ್ಳತನವು ಕಣ್ಣಿಗೆ ಬಿದ್ದಿತು. ಬಳಿಕ ಅಮೆರಿಕದ ಸಂಸತ್ತಿನ ಸಮಿತಿಗಳು ವಿಚಾರಣೆ ನಡೆಸಿದಾಗ ಹೊರಬಿದ್ದ ಸಂಗತಿಗಳಲ್ಲಿ ಒಂದು ಗಮನಾರ್ಹವಾದುದು: ತನ್ನ ಬಳಿ ಯಾವ ಯಂತ್ರಗಳಿವೆ, ಯಾವುದರಲ್ಲಿ ಯಾವ ತಂತ್ರಾಂಶವಿದೆ ಎಂಬುದರ ಪೂರ್ಣ ಪಟ್ಟಿಯು ಸಂಸ್ಥೆಯಲ್ಲಿ ಇರಲೇ ಇಲ್ಲ. 2015ರಲ್ಲಿ ಅದರ ಆಂತರಿಕ ಪರಿಶೀಲನೆಯೇ ಈ ಕೊರತೆಯನ್ನು ಬರೆದಿಟ್ಟಿತ್ತು.

ಬೀಗವಿದ್ದಿತು, ಬೀಗದ ಕೈಯೂ ಇದ್ದಿತು. ಇಂಥದೊಂದು ಬಾಗಿಲು ಇದೆಯೆಂಬುದೇ ಮರೆತುಹೋಗಿತ್ತು.

ದೊಡ್ಡ ಸಂಸ್ಥೆಯೊಂದು ತನ್ನ ಯಂತ್ರಗಳನ್ನೇ ಮರೆಯುವುದು ಸಾಧ್ಯವೆ ಎಂದು ಆಶ್ಚರ್ಯವಾಗಬಹುದು. ಒಂದು ಬ್ಯಾಂಕಿನಲ್ಲಿಯೋ ರೈಲ್ವೆಯಂತಹ ಇಲಾಖೆಯಲ್ಲಿಯೋ ಸಹಸ್ರಾರು ಸರ್ವರುಗಳಿರುತ್ತವೆ. ಸರ್ವರ್ ಎಂದರೆ ಇತರ ಯಂತ್ರಗಳ ಕೋರಿಕೆಗಳಿಗೆ ಉತ್ತರ ಕೊಡುತ್ತ ಹಗಲಿರುಳು ದುಡಿಯುವ ಗಣಕಯಂತ್ರ. ಅವುಗಳಲ್ಲಿ ಅನೇಕವು ಕಬ್ಬಿಣದ ಪೆಟ್ಟಿಗೆಗಳೇ ಅಲ್ಲ. ಒಂದೇ ಪೆಟ್ಟಿಗೆಯೊಳಗೆ ತಂತ್ರಾಂಶದ ಬಲದಿಂದ ಹತ್ತಾರು ಯಂತ್ರಗಳು ಇರುವಂತೆ ಏರ್ಪಡಿಸಿರುತ್ತಾರೆ. ಇವನ್ನು ಹುಟ್ಟಿಸಲು ಕೆಲವು ನಿಮಿಷಗಳು ಸಾಕು, ಅಳಿಸಲು ಅಷ್ಟೂ ಬೇಡ. ಗುಮಾಸ್ತನೊಬ್ಬನು ದಫ್ತರದಲ್ಲಿ ಬರೆದ ಪಟ್ಟಿಯು ಶಾಯಿ ಒಣಗುವುದರೊಳಗೆ ಹಳತಾಗುತ್ತದೆ. ಯಂತ್ರವನ್ನು ತಂದವನು ಬೇರೆ ಕೆಲಸಕ್ಕೆ ಹೋಗಿರುತ್ತಾನೆ. ಅದು ಮಾತ್ರ ಮೂಲೆಯಲ್ಲಿ ಗುಂಯ್ಗುಟ್ಟುತ್ತ ನಡೆದೇ ಇರುತ್ತದೆ.

ಆದುದರಿಂದ ಯಂತ್ರಗಳ ಲೆಕ್ಕವನ್ನು ಯಂತ್ರಗಳಿಂದಲೇ ಮಾಡಿಸುವ ಪದ್ಧತಿಯು ಬೆಳೆದಿದೆ. ಇದಕ್ಕೆಂದು ರಚಿತವಾದ ತಂತ್ರಾಂಶವನ್ನು ಶೋಧಕ ತಂತ್ರಾಂಶವೆನ್ನಬಹುದು. ಜನಗಣತಿಯ ಅಧಿಕಾರಿಯು ಬೀದಿಯ ಒಂದು ತುದಿಯಿಂದ ಹೊರಟು ಪ್ರತಿಯೊಂದು ಬಾಗಿಲನ್ನೂ ತಟ್ಟುವಂತೆ, ಇದು ಸಂಸ್ಥೆಯ ಜಾಲದಲ್ಲಿರುವ ಪ್ರತಿಯೊಂದು ವಿಳಾಸಕ್ಕೂ ಒಂದು ಕರೆಯನ್ನು ಕಳುಹಿಸುತ್ತದೆ. ಜಾಲದಲ್ಲಿ ಯಂತ್ರಗಳಿಗಿರುವ ಈ ವಿಳಾಸಕ್ಕೆ ಐಪಿ ವಿಳಾಸವೆಂದು ಹೆಸರು. ಉತ್ತರ ಬಂದರೆ, ಮೊದಲೇ ಪಡೆದಿರುವ ಅನುಮತಿಯಿಂದ ಒಳಕ್ಕೆ ಪ್ರವೇಶಿಸಿ ಕೆಲವು ಪ್ರಶ್ನೆಗಳನ್ನು ಕೇಳುತ್ತದೆ: ನಿನ್ನ ಹೆಸರೇನು? ನಿನ್ನನ್ನು ತಯಾರಿಸಿದವರು ಯಾರು? ಕ್ರಮಸಂಖ್ಯೆ ಯಾವುದು? ಈಗ ನಿನ್ನಲ್ಲಿ ನಡೆಯುತ್ತಿರುವ ಕಾರ್ಯಗಳಾವುವು? ನೀನು ಯಾರೊಡನೆ ಸಂಪರ್ಕದಲ್ಲಿರುವೆ?

ಈ ಪ್ರಶ್ನೆಗಳಿಗೆ ಬರುವ ಉತ್ತರಗಳು ಬಿಡಿ ಸಂಗತಿಗಳು. ಸಾವಿರಾರು ಯಂತ್ರಗಳಿಂದ ಲಕ್ಷಾಂತರ ಸಾಲುಗಳು ಬಂದು ಬೀಳುತ್ತವೆ. ಅವನ್ನು ಯಾವ ಚೌಕಟ್ಟಿನಲ್ಲಿ ಜೋಡಿಸಿಡಬೇಕು, ಯಾವುದನ್ನು ವಸ್ತುವೆಂದು ಎಣಿಸಬೇಕು, ಯಾವುದನ್ನು ಆ ವಸ್ತುವಿನ ಗುಣವೆಂದು ಎಣಿಸಬೇಕು, ಎರಡು ವಸ್ತುಗಳಿಗಿರುವ ನಂಟನ್ನು ಹೇಗೆ ಬರೆಯಬೇಕು ಎಂಬುದನ್ನು ನಿರ್ಧರಿಸುವ ಕಟ್ಟಳೆಗೆ ದತ್ತಾಂಶ ಮಾದರಿ ಎಂದು ಹೆಸರು. ಮನೆ ಕಟ್ಟುವವನಿಗೆ ನಕ್ಷೆಯು ಇದ್ದಂತೆ ಇದು. ನಕ್ಷೆಯಲ್ಲಿ ಕಿಟಕಿಯಿಲ್ಲದ ಗೋಡೆಯಿಂದ ಮನೆಯೊಳಕ್ಕೆ ಬೆಳಕು ಬರುವುದಿಲ್ಲ.

ದತ್ತಾಂಶ ಮಾದರಿಗಳ ಇತಿಹಾಸವು ಅರವತ್ತು ವರ್ಷಗಳಷ್ಟು ಹಿಂದಿನದು. ಚಂದ್ರನಲ್ಲಿಗೆ ಮಾನವನನ್ನು ಕಳುಹಿಸುವ ಅಪೊಲೊ ಯೋಜನೆಯಲ್ಲಿ ನೌಕೆಯ ಅಸಂಖ್ಯಾತ ಬಿಡಿಭಾಗಗಳ ಲೆಕ್ಕವನ್ನಿಡಲು ಐಬಿಎಂ ಸಂಸ್ಥೆಯು 1960ರ ದಶಕದ ಉತ್ತರಾರ್ಧದಲ್ಲಿ ಐಎಂಎಸ್ ಎಂಬ ವ್ಯವಸ್ಥೆಯನ್ನು ನಿರ್ಮಿಸಿತು. ಅದರಲ್ಲಿ ಮಾಹಿತಿಯು ಮರದ ಆಕಾರದಲ್ಲಿರುತ್ತಿತ್ತು: ನೌಕೆಯೆಂಬ ಕಾಂಡ, ಎಂಜಿನ್ ಎಂಬ ರೆಂಬೆ, ಅದರ ಕೊನೆಯಲ್ಲಿ ತಿರುಪು ಮೊಳೆಗಳೆಂಬ ಎಲೆಗಳು. ಮರದ ಮಾದರಿಯ ಗುಣವೂ ದೋಷವೂ ಅರ್ಥವಾಗಬೇಕಾದರೆ ನಮ್ಮ ಹಳೆಯ ಮನೆತನಗಳ ವಂಶವೃಕ್ಷವನ್ನು ನೋಡಿದರೆ ಸಾಕು. ಮೂಲಪುರುಷನಿಂದ ಮಗ, ಮೊಮ್ಮಗ, ಮರಿಮಗ ಎಂದು ರೇಖೆಯು ಸೊಗಸಾಗಿ ಇಳಿದುಬರುತ್ತದೆ. ಮಗಳ ಹೆಸರು ಬಂದರೆ ರೆಂಬೆಯು ಅಲ್ಲಿಗೇ ಮುಗಿಯುತ್ತದೆ. ಅನೇಕ ವೃಕ್ಷಗಳಲ್ಲಿ ಆ ಹೆಸರೂ ಇರುವುದಿಲ್ಲ. ಅವಳಿಗೆ ಸಂತಾನವಿರಲಿಲ್ಲವೆಂದಲ್ಲ. ಒಂದು ಮಗುವನ್ನು ಎರಡು ಮನೆತನಗಳ ರೆಂಬೆಗಳಿಗೂ ಸೇರಿಸುವುದಕ್ಕೆ ಆ ಚಿತ್ರದಲ್ಲಿ ಅವಕಾಶವನ್ನು ಮಾಡಿರಲಿಲ್ಲ. ಎಷ್ಟೋ ತಲೆಮಾರುಗಳ ಹೆಣ್ಣುಮಕ್ಕಳು ಹೀಗೆ ಒಂದು ರೇಖಾಚಿತ್ರದ ದೋಷದಿಂದ ಕಣ್ಮರೆಯಾಗಿದ್ದಾರೆ.

ಈ ತೊಡಕನ್ನು ನೀಗಲು ಚಾರ್ಲ್ಸ್ ಬ್ಯಾಕ್ಮನ್ ಎಂಬವರು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದಾಗಲೇ, ಅಂದರೆ 1960ರ ದಶಕದ ಪೂರ್ವಾರ್ಧದಲ್ಲಿ, ಬಲೆಯಂತೆ ಹೆಣೆದುಕೊಳ್ಳುವ ಮಾದರಿಯೊಂದನ್ನು ರೂಪಿಸಿದ್ದರು. ಬಳಿಕ 1970ರಲ್ಲಿ, ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಇಂಗ್ಲೆಂಡಿನ ಮೂಲದ ವಿದ್ವಾಂಸರು ಎಲ್ಲ ಮಾಹಿತಿಯನ್ನೂ ಸರಳವಾದ ಕೋಷ್ಟಕಗಳಲ್ಲಿ ಬರೆದು, ಬೇಕಾದಾಗ ಒಂದನ್ನೊಂದು ಕೂಡಿಸಿಕೊಳ್ಳಬಹುದೆಂದು ತೋರಿಸಿದರು. ಇಂದಿನ ಬ್ಯಾಂಕುಗಳ ಲೆಕ್ಕವೂ ರೈಲಿನ ಮುಂಗಡ ಟಿಕೆಟ್ಟೂ ಬಹುಪಾಲು ಕಾಡ್ ಅವರ ಕೋಷ್ಟಕಗಳನ್ನೇ ನೆಚ್ಚಿವೆ. ಗಣಕವಿಜ್ಞಾನದಲ್ಲಿ ಅತ್ಯುನ್ನತವೆನಿಸಿದ ಟ್ಯೂರಿಂಗ್ ಪ್ರಶಸ್ತಿಯು ಬ್ಯಾಕ್ಮನ್ ಅವರಿಗೆ 1973ರಲ್ಲಿಯೂ ಕಾಡ್ ಅವರಿಗೆ 1981ರಲ್ಲಿಯೂ ದೊರೆಯಿತು. ಇವರಿಬ್ಬರ ಅನುಯಾಯಿಗಳಿಗೆ ನಡೆದ ವಾದಗಳು ದೀರ್ಘವಾಗಿವೆ. ಅವು ಇಲ್ಲಿ ಬೇಕಾಗಿಲ್ಲ.

ಶೋಧಕ ತಂತ್ರಾಂಶದ ಮುಂದಿರುವ ಮೊದಲನೆಯ ಸಮಸ್ಯೆಯು ಮದುವೆಯ ಮನೆಯ ಹಿರಿಯಾಕೆಯದೇ: ಇದು ಯಾವ ಕೊಡ? ವಿಳಾಸವನ್ನೇ ಗುರುತೆಂದು ನಂಬಿದರೆ ಮೋಸವಾಗುತ್ತದೆ. ಒಂದು ಯಂತ್ರಕ್ಕೆ ಮೂರು ಜಾಲಗಳ ಸಂಪರ್ಕವಿದ್ದರೆ ಅದಕ್ಕೆ ಮೂರು ವಿಳಾಸಗಳಿರುತ್ತವೆ. ಲೆಕ್ಕದಲ್ಲಿ ಒಂದು ಯಂತ್ರವು ಮೂರಾಗುತ್ತದೆ. ಇನ್ನು ಕೆಲವು ಜಾಲಗಳಲ್ಲಿ ಇಂದು ಒಂದು ಯಂತ್ರಕ್ಕಿದ್ದ ವಿಳಾಸವು ನಾಳೆ ಬೇರೊಂದಕ್ಕೆ ಹೋಗುತ್ತದೆ; ಆಗ ಎರಡು ಯಂತ್ರಗಳು ಒಂದಾಗುತ್ತವೆ. ಹೆಸರನ್ನು ನಂಬೋಣವೆಂದರೆ ಅದನ್ನು ಯಾರು ಬೇಕಾದರೂ ಬದಲಾಯಿಸಬಹುದು. ತಯಾರಕರು ಕೊಟ್ಟ ಕ್ರಮಸಂಖ್ಯೆಯು ಕೊಡದ ಮೇಲೆ ಕೆತ್ತಿಸಿದ ಹೆಸರಿನಂತೆ ಗಟ್ಟಿಯಾದದ್ದು; ಆದರೆ ಒಂದು ಯಂತ್ರವನ್ನು ನಕಲು ಮಾಡಿ ಹತ್ತು ಯಂತ್ರಗಳನ್ನು ಹುಟ್ಟಿಸಿದಾಗ ಕೆಲವು ಗುರುತುಗಳು ಹತ್ತರಲ್ಲಿಯೂ ಒಂದೇ ಆಗಿಬಿಡುವುದುಂಟು. ಆದುದರಿಂದ ಒಳ್ಳೆಯ ಶೋಧಕವು ಯಾವ ಒಂದು ಗುರುತನ್ನೂ ಪೂರ್ತಿಯಾಗಿ ನಂಬುವುದಿಲ್ಲ. ಕ್ರಮಸಂಖ್ಯೆ, ಹೆಸರು, ಜಾಲದ ಬಿಲ್ಲೆಗೆ ಕೊಟ್ಟಿರುವ ಮ್ಯಾಕ್ ಸಂಖ್ಯೆ ಮುಂತಾದ ಹಲವು ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟುಕೊಂಡು, ಹಿಂದೆ ಕಂಡ ಯಂತ್ರಗಳೊಡನೆ ಹೋಲಿಸಿ, ಇದು ಆ ಹಳೆಯದೇ ಎಂದೋ ಹೊಸದೆಂದೋ ತೀರ್ಮಾನಿಸುತ್ತದೆ.

ತೀರ್ಮಾನವೆಂದ ಮೇಲೆ ಅದು ತಪ್ಪಾಗಿರುವ ಸಂಭವವೂ ಉಂಟು. ಈ ಎಚ್ಚರದಿಂದ ಹುಟ್ಟಿದ ಏರ್ಪಾಡೇ ಇಂತಹ ದತ್ತಾಂಶ ಮಾದರಿಗಳಲ್ಲಿ ಅತ್ಯಂತ ಸ್ವಾರಸ್ಯವಾದುದು. ನಮ್ಮ ನ್ಯಾಯಶಾಸ್ತ್ರವು ಜ್ಞಾನದ ಸಾಧನಗಳಲ್ಲಿ ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಬೆಟ್ಟದ ಮೇಲೆ ಹೊಗೆಯು ಕಾಣುವುದು ಪ್ರತ್ಯಕ್ಷ. ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ. ಶಾಸ್ತ್ರದಲ್ಲಿ ಅನುಮಾನವೆಂದರೆ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಕ್ರಮ. ಶೋಧಕ ತಂತ್ರಾಂಶಗಳಲ್ಲಿ ಉತ್ತಮವಾದುವು ಇದೇ ವಿಭಾಗವನ್ನು ಅನುಸರಿಸುತ್ತವೆ. ಯಂತ್ರವು ಕೊಟ್ಟ ಉತ್ತರವನ್ನು ಇದ್ದಕ್ಕಿದ್ದಂತೆ ಬರೆದಿಡುವುದು ಒಂದು ಕಡೆ. ಆ ಉತ್ತರದಿಂದ ಊಹಿಸಿದ ವಸ್ತುವನ್ನು ಬರೆದಿಡುವುದು ಇನ್ನೊಂದು ಕಡೆ. ಎರಡನ್ನೂ ಒಂದು ದಾರದಿಂದ ಕಟ್ಟಿರುತ್ತಾರೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಂದು ಯಂತ್ರದಲ್ಲಿ ಪೋಸ್ಟ್‌ಗ್ರೆಸ್ ಎಂಬ ಹೆಸರಿನ ಕಾರ್ಯವು ನಡೆಯುತ್ತಿದೆ, ಮತ್ತು ಅದು 5432ನೆಯ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತಿದೆ ಎಂದು ಶೋಧಕಕ್ಕೆ ಕಂಡಿತೆನ್ನೋಣ. ಪೋರ್ಟ್ ಎಂದರೆ ಯಂತ್ರದೊಳಗಿನ ಕಾರ್ಯಗಳು ಹೊರಗಿನವರೊಡನೆ ಮಾತನಾಡಲು ಬಳಸುವ, ಸಂಖ್ಯೆಯುಳ್ಳ ಬಾಗಿಲು. ಇಲ್ಲಿಯವರೆಗಿನದು ಹೊಗೆ. ಪೋಸ್ಟ್‌ಗ್ರೆಸ್ ದತ್ತಸಂಚಯವು ವಾಡಿಕೆಯಾಗಿ ಆ ಸಂಖ್ಯೆಯ ಬಾಗಿಲಿನಲ್ಲಿಯೇ ಇರುವುದರಿಂದ, ಇಲ್ಲೊಂದು ದತ್ತಸಂಚಯವಿದೆಯೆಂಬ ಅರಿವು ಬೆಂಕಿ. ಆದರೆ ದೂರದಿಂದ ಮಂಜನ್ನು ಹೊಗೆಯೆಂದು ಭ್ರಮಿಸುವವರೂ ಇದ್ದಾರೆ. ಯಾರೋ ಬೇರೆಯ ತಂತ್ರಾಂಶವೊಂದನ್ನು ಅದೇ ಬಾಗಿಲಿನಲ್ಲಿ ನಿಲ್ಲಿಸಿರಬಹುದು. ಊಹೆಯು ತಪ್ಪೆಂದು ಮುಂದೆ ಗೊತ್ತಾದರೆ, ಯಾವ ಸಾಕ್ಷ್ಯದಿಂದ ಈ ಊಹೆಗೆ ಬಂದೆವೆಂದು ದಾರವನ್ನು ಹಿಡಿದು ಹಿಂದಕ್ಕೆ ಹೋಗಿ ನೋಡಬಹುದು. ಊಹಿಸುವ ನಿಯಮವನ್ನು ತಿದ್ದಿ ಮತ್ತೊಮ್ಮೆ ನಡೆಸಬಹುದು. ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ಪುಟದಲ್ಲಿ ಕಲಸಿ ಬರೆದಿದ್ದರೆ, ತಪ್ಪು ಎಲ್ಲಿಂದ ಹುಟ್ಟಿತೆಂಬುದೇ ತಿಳಿಯುತ್ತಿರಲಿಲ್ಲ. ಪತ್ರಿಕೆಗಳ ವರದಿಗಳಲ್ಲಿಯೂ ಊರಿನ ಜಗಲಿಯ ಮಾತುಕತೆಗಳಲ್ಲಿಯೂ ಇಷ್ಟು ಶಿಸ್ತು ಕಾಣುವುದು ಅಪರೂಪ.

ವಸ್ತುಗಳು ಗೊತ್ತಾದ ಮೇಲೆ ಅವುಗಳ ನಂಟನ್ನು ಬರೆಯಬೇಕು. ಒಂದು ಪೆಟ್ಟಿಗೆಯು ಹಲವು ಯಂತ್ರಗಳನ್ನು ಹೊತ್ತಿರುತ್ತದೆ. ಒಂದು ಯಂತ್ರದಲ್ಲಿ ಹಲವು ತಂತ್ರಾಂಶಗಳು ನಡೆಯುತ್ತವೆ. ಒಂದು ತಂತ್ರಾಂಶವು ಬೇರೆಡೆಯ ದತ್ತಸಂಚಯವನ್ನು ಅವಲಂಬಿಸಿರುತ್ತದೆ. ಇಂತಹ ಹತ್ತಾರು ಸೇರಿ, ಪಿಂಚಣಿಯ ವಿತರಣೆಯಂತಹ ಒಂದು ಸೇವೆಯಾಗುತ್ತದೆ. ಇಲ್ಲಿ ಎರಡು ವಸ್ತುಗಳ ನಡುವೆ ಗೆರೆಯೆಳೆದರೆ ಸಾಲದು. ಗೆರೆಯ ಯಾವ ತುದಿಯಲ್ಲಿರುವುದು ಆಶ್ರಯ, ಯಾವ ತುದಿಯಲ್ಲಿರುವುದು ಆಶ್ರಿತ ಎಂಬುದನ್ನೂ ಬರೆಯಬೇಕು. ಇಬ್ಬರು ಬಂಧುಗಳೆಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. ಒಬ್ಬನು ಮಾವ, ಇನ್ನೊಬ್ಬನು ಅಳಿಯ ಎಂದರೆ ಯಾರು ಯಾರಿಗೆ ಏನಾಗಬೇಕೆಂಬುದು ಗೊತ್ತಾಗುತ್ತದೆ. ಹೀಗೆ ಬರೆದ ನಂಟುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುವುದರಿಂದ, ಇಂತಹ ತಂತ್ರಾಂಶಗಳಲ್ಲಿ ಅನೇಕವು ಬಲೆಯ ಮಾದರಿಯನ್ನೇ ಆರಿಸಿಕೊಂಡಿವೆ. ಇಂದು ರಾತ್ರಿ ಈ ಯಂತ್ರವನ್ನು ದುರಸ್ತಿಗೆಂದು ನಿಲ್ಲಿಸಿದರೆ ನಾಳೆ ಬೆಳಿಗ್ಗೆ ಯಾರಿಗೆ ಪಿಂಚಣಿಯು ತಪ್ಪುತ್ತದೆ ಎಂದು ಕೇಳಿದರೆ, ಆಶ್ರಯದಿಂದ ಆಶ್ರಿತಕ್ಕೆ ಗೆರೆಗಳನ್ನು ಹಿಡಿದು ನಡೆಯುತ್ತ ಹೋದಂತೆ ಉತ್ತರವು ದೊರೆಯುತ್ತದೆ.

ಗಣತಿಯ ದಿನ ಬಾಗಿಲು ತೆರೆಯದ ಮನೆಗಳ ವಿಷಯವೂ ಒಂದಿದೆ. ನಿನ್ನೆ ಉತ್ತರಿಸಿದ ಯಂತ್ರವು ಇಂದು ಉತ್ತರಿಸದಿದ್ದರೆ ಅದು ಇಲ್ಲವಾಯಿತೆ? ಅಥವಾ ವಿದ್ಯುತ್ತು ಹೋಗಿದೆಯೆ? ಒಂದು ಸಾರಿ ಕಾಣಲಿಲ್ಲವೆಂದು ಅಳಿಸಿಹಾಕಿದರೆ ಇರುವುದನ್ನು ಕಳೆದುಕೊಂಡಂತಾಗುತ್ತದೆ. ಎಂದೆಂದಿಗೂ ಅಳಿಸದಿದ್ದರೆ ಪಟ್ಟಿಯ ತುಂಬ ಪ್ರೇತಗಳೇ. ಆದುದರಿಂದ ಪ್ರತಿಯೊಂದು ವಸ್ತುವಿನ ಪಕ್ಕದಲ್ಲಿ ಅದನ್ನು ಕಡೆಯ ಬಾರಿ ಕಂಡ ದಿನವನ್ನೂ ವೇಳೆಯನ್ನೂ ಬರೆದಿಟ್ಟು, ಗೊತ್ತುಪಡಿಸಿದಷ್ಟು ದಿನ, ಗೊತ್ತುಪಡಿಸಿದಷ್ಟು ಬಾರಿ ಕರೆದರೂ ಓಗೊಡದಿದ್ದರೆ ಮಾತ್ರ ಲೆಕ್ಕದಿಂದ ತೆಗೆಯುತ್ತಾರೆ.

ಇಷ್ಟೆಲ್ಲ ಏರ್ಪಾಡುಗಳಿದ್ದರೂ, ಮಾದರಿಯಲ್ಲಿ ಸ್ಥಳವಿಲ್ಲದ ವಸ್ತುವು ಕಾಣುವುದಿಲ್ಲ. 2021ರ ಡಿಸೆಂಬರಿನಲ್ಲಿ ಇದು ಜಗತ್ತಿಗೆಲ್ಲ ಅನುಭವಕ್ಕೆ ಬಂದಿತು. ಜಾವಾ ಭಾಷೆಯ ತಂತ್ರಾಂಶಗಳು ತಮ್ಮ ದಿನಚರಿಯನ್ನು ಬರೆದುಕೊಳ್ಳಲು ಬಳಸುವ ಲಾಗ್‌ಫೋರ್‌ಜೆ ಎಂಬ ಚಿಕ್ಕ ಭಾಗವೊಂದಿದೆ. ಚೀನಾ ದೇಶದ ಅಲಿಬಾಬಾ ಸಂಸ್ಥೆಯ ತಜ್ಞರು ಅದರಲ್ಲಿದ್ದ ಭಯಂಕರವಾದ ದೋಷವನ್ನು ನವೆಂಬರಿನಲ್ಲಿಯೇ ಪತ್ತೆಹಚ್ಚಿ, ಅದನ್ನು ನೋಡಿಕೊಳ್ಳುತ್ತಿದ್ದವರಿಗೆ ತಿಳಿಸಿದ್ದರು. ಡಿಸೆಂಬರಿನ ಎರಡನೆಯ ವಾರದ ಹೊತ್ತಿಗೆ ಅದು ಎಲ್ಲರಿಗೂ ಗೊತ್ತಾಯಿತು. ದೋಷಗಳ ತೀವ್ರತೆಯನ್ನು ಅಳೆಯುವ ಹತ್ತು ಅಂಕಗಳ ಮಾನದಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ದೊರೆಯಿತು. ಜಗತ್ತಿನ ಎಲ್ಲ ಸಂಸ್ಥೆಗಳಲ್ಲಿಯೂ ಒಂದೇ ಪ್ರಶ್ನೆ ಎದ್ದಿತು: ಇದು ನಮ್ಮಲ್ಲಿ ಎಲ್ಲಿದೆ?

ಅದಕ್ಕೆ ಉತ್ತರವನ್ನು ಕೊಡಲು ಅನೇಕ ಪಟ್ಟಿಗಳಿಂದ ಆಗಲಿಲ್ಲ. ಯಂತ್ರದಲ್ಲಿ ಯಾವ ತಂತ್ರಾಂಶವಿದೆಯೆಂದು ಅವು ಹೇಳುತ್ತಿದ್ದುವು. ಆ ತಂತ್ರಾಂಶದ ಹೊಟ್ಟೆಯೊಳಗೆ ಯಾವ ಭಾಗಗಳಿವೆಯೆಂಬುದನ್ನು ಬರೆದಿಡಲು ಅವುಗಳ ಮಾದರಿಯಲ್ಲಿ ಜಾಗವಿರಲಿಲ್ಲ. ಜಾವಾ ತಂತ್ರಾಂಶಗಳು ಗಂಟು ಕಟ್ಟಿದ ಕಡತಗಳಾಗಿ ಬರುತ್ತವೆ. ಒಂದು ಗಂಟಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಲಾಗ್‌ಫೋರ್‌ಜೆಯು ಮೂರನೆಯ ಗಂಟಿನೊಳಗೆ ಇದ್ದರೂ ಇರಬಹುದಾಗಿತ್ತು. ತಂತ್ರಾಂಶವನ್ನು ಕೊಂಡವರಿಗೆ ಅದು ತಿಳಿಯದು. ಮಾರಿದವರಲ್ಲಿಯೂ ಎಷ್ಟೋ ಜನಕ್ಕೆ ತಿಳಿಯದು. ಅದೇ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ಅಧ್ಯಕ್ಷರು ಹೊರಡಿಸಿದ್ದ ಆಜ್ಞೆಯೊಂದರಲ್ಲಿ, ತಂತ್ರಾಂಶವನ್ನು ಮಾರುವವರು ಅದರೊಳಗಿನ ಭಾಗಗಳ ಪಟ್ಟಿಯನ್ನೂ ಒದಗಿಸುವಂತಾಗಬೇಕೆಂಬ ಅಂಶವಿತ್ತು. ಆದರೆ ಏಳು ತಿಂಗಳಲ್ಲಿ ಅದು ಎಲ್ಲೆಡೆಯೂ ಆಚರಣೆಗೆ ಬರುವಂತಿರಲಿಲ್ಲ. ಎಂಜಿನಿಯರುಗಳು ಹಗಲಿರುಳು ಕುಳಿತು, ಯಂತ್ರದಿಂದ ಯಂತ್ರಕ್ಕೆ ಹೋಗಿ ಗಂಟುಗಳನ್ನು ಬಿಚ್ಚಿ ನೋಡಬೇಕಾಯಿತು.

ಡಿಸೆಂಬರ್ 17ರಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆಯು ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಗಳಿಗೆ ತುರ್ತು ಆದೇಶವನ್ನು ಕಳುಹಿಸಿತು. ಕೊಟ್ಟಿದ್ದ ಗಡುವು ಡಿಸೆಂಬರ್ 23ರ ಸಂಜೆ ಐದು ಗಂಟೆ. ತೇಪೆ ಹಾಕಿರಿ, ಹಾಕಲಾಗದ ಯಂತ್ರವನ್ನು ಜಾಲದಿಂದ ಬಿಡಿಸಿರಿ ಎಂಬ ಮಾತುಗಳು ಅದರಲ್ಲಿ ಮುಂದೆ ಬರುತ್ತವೆ. ಅವುಗಳಿಗಿಂತ ಮೊದಲು ಕೇಳಿದ್ದು ಒಂದು ಪಟ್ಟಿಯನ್ನು: ಅಂತರಜಾಲದಿಂದ ಮಾಹಿತಿಯನ್ನು ಸ್ವೀಕರಿಸುವ ತಂತ್ರಾಂಶಗಳು ನಿಮ್ಮಲ್ಲಿ ಯಾವುವಿವೆ?